ಪೋಂ ಪೋಂ ಇಲ್ಲದ ಹಾಡು

ಬ್ಯಾಂಡ್‌ಸೆಟ್ಟಿನವರ ಹತ್ತಿರ ಹೊಸ ಹಾಡು ಮಾಡಿಸಲು ಹೋಗುವವರು ಮೊದಲು ತಮ್ಮ ತಲೆ ನೆಟ್ಟಗಿದೆಯೇ ಎಂದು ನೋಡಿಕೊಳ್ಳಬೇಕು. ನಾನು ನೋಡಿಕೊಳ್ಳಲಿಲ್ಲ. ಮದ್ದೂರಿನ ಕಾಲೇಜಿನಲ್ಲಿ ಎಂತೆಂಥ ತರಲೆಗಳಿಗೆ ಲೆಕ್ಕ ಹೇಳಿಕೊಟ್ಟಿದ್ದೇನೆ, ಮಳವಳ್ಳಿಯ ಒಬ್ಬ ಪುಟ್ಟಮಾದುವನ್ನು ದಾರಿಗೆ ತರಲು ಆಗುವುದಿಲ್ಲವೇ ಅಂದುಕೊಂಡೆ.

ನಮ್ಮಪ್ಪ ಕೆಂಪಸಿದ್ದಯ್ಯ ಇದೇ ಪುಟ್ಟಮಾದುವಿನ ಬ್ಯಾಂಡಿನಲ್ಲಿ ಬೇಸು ಊದುತ್ತಿದ್ದ. ಬೇಸು ಎಂದರೆ ಮೈಗೆಲ್ಲ ಸುತ್ತಿಕೊಂಡು, ತಲೆಯ ಮೇಲೆ ಬಾಯಿ ತೆರೆದುಕೊಂಡಿರುವ ಆ ದೊಡ್ಡ ಹಿತ್ತಾಳೆ ಕೊಳವೆ. ಹಾಡು ಕ್ಲಾರಿನೆಟ್ಟಿನವನದು, ಶೋಕಿ ಟ್ರಂಪೆಟ್ಟಿನವನದು, ಹಿಂದಿನ ಸಾಲಿನಲ್ಲಿ ನಿಂತ ಅಪ್ಪನದು ಬರೀ ಪೋಂ... ಪೋಂ. ಮದುವೆಗೂ ಅದೇ, ಹೆಣಕ್ಕೂ ಅದೇ. ಕಿರುಗಾವಲಿನ ಶಾಲೆಯಲ್ಲಿ ನಾನು ಶಾಲಿನಿ ಎಂಬುದು ಹಾಜರಿ ಕೂಗುವ ಮೇಷ್ಟರಿಗೆ ಮಾತ್ರ ಗೊತ್ತಿತ್ತು. ಉಳಿದವರಿಗೆಲ್ಲ ನಾನು ಪೋಂಪೋಂ ಸಾಲಿ. ದಾರಿಯಲ್ಲಿ ಒಂದು ಹೆಜ್ಜೆ ಇಟ್ಟರೆ ಹಿಂದಿನಿಂದ ಪೋಂ, ಇನ್ನೊಂದು ಇಟ್ಟರೆ ಮತ್ತೆ ಪೋಂ. ಆ ಸದ್ದು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ಅದಕ್ಕೇ ಅಪ್ಪನ ವರ್ಷದ ಪುಣ್ಯಸ್ಮರಣೆ ಹತ್ತಿರ ಬಂದಾಗ ಹಟ ಹಿಡಿದೆ. ಜೀವಮಾನವೆಲ್ಲ ಬೇರೆಯವರ ಹಾಡಿನ ಹಿಂದೆ ನಿಂತವನಿಗೆ ಅವನದೇ ಒಂದು ಹಾಡು ಬೇಕು. ಸಿನಿಮಾದ್ದಲ್ಲ, ಹೊಸದು. ಊರಿನ ಸಮುದಾಯ ಭವನದಲ್ಲಿ ಜನ ಮರ್ಯಾದೆಯಿಂದ ಕೂತು ಕೇಳುವಂಥದ್ದು. ಪುಟ್ಟಮಾದು ಎದೆ ಮುಟ್ಟಿಕೊಂಡು, "ಕೆಂಪಣ್ಣನ್ಗೆ ಮಾಡ್ದೆ ಇರಾಕಾಯ್ತದಾ?" ಅಂದ. ನಂಬಿದೆ.

ಕೆಲವು ದಿನ ಬಿಟ್ಟು ಕರೆಸಿ ಕೇಳಿಸಿದ.

"ಇದು ಸಿನಿಮಾ ಹಾಡು ಕಣಣ್ಣ!"

"ನಿಧಾನ ಮಾಡಿವ್ನಿ ಕಣಮ್ಮ."

"ನಿಧಾನ ಮಾಡುದ್ರೆ ಹೊಸ್ದಾಯ್ತದಾ?"

"ಇಷ್ಟು ನಿಧಾನ್ವಾಗಿ ಯಾರೂ ಊದಿಲ್ವಲ್ಲ."

ಎರಡನೆಯ ಸಲ ಒಂದು ಸಿನಿಮಾದ ಹಾಡಿಗೆ ಇನ್ನೊಂದರ ಬಾಲ ಕಟ್ಟಿಕೊಂಡು ಬಂದ. ಹಸುವಿನ ತಲೆಗೆ ಎಮ್ಮೆಯ ಬಾಲ. ನಾನು ಹೌಹಾರುತ್ತಿದ್ದರೆ ನನ್ನ ತಮ್ಮ ದೇವರಾಜು ಪಕ್ಕದಲ್ಲಿ ಕೂತು, "ಕೊನೇಲಿ ಒಂದು ಕುಣಿಯೋ ಪೀಸ್ ಇರ್ಲಿ ಅಕ್ಕ, ಐಕ್ಳು ಕಾಯ್ತಾ ಇರ್ತವೆ" ಅಂದ.

"ಅಪ್ಪನ ಪುಣ್ಯಸ್ಮರಣೆ ಕಣ್ಲಾ, ಗಣೇಶನ್ನ ಬುಡಾದಲ್ಲ!"

ಅವತ್ತು ಇಬ್ಬರಿಗೂ ಸೇರಿಸಿ ಬೈದೆ. ಪುಟ್ಟಮಾದು ಮುಖ ಊದಿಸಿಕೊಂಡು ಹೋದ. ಆ ಸಿಟ್ಟಿನಲ್ಲೇ ಮಾಡಿದನೋ ಏನೋ, ಮೂರನೆಯ ಸಲ ಬಂದು ಕ್ಲಾರಿನೆಟ್ಟು ಬಾಯಿಗಿಟ್ಟಾಗ ನನ್ನ ಬಾಯಿ ಕಟ್ಟಿಹೋಯಿತು. ಎಲ್ಲೂ ಕೇಳಿರದ ರಾಗ. ಸಂಜೆ ಕೆಲಸ ಮುಗಿಸಿ ಮನೆಗೆ ಬರುವವನ ನಡಿಗೆಯಂತೆ ದಣಿದಿತ್ತು, ಖುಷಿಯಾಗಿಯೂ ಇತ್ತು. ನನಗೆ ಅಳು ಬಂತು, ಅತ್ತೆ.

ಆಮೇಲೆ ಎರಡು ಷರತ್ತು ಹಾಕಿದೆ. ಎಲ್ಲರೂ ಕುರ್ಚಿಯಲ್ಲಿ ಕೂತು ಊದಬೇಕು, ದೊಡ್ಡ ಊರುಗಳಲ್ಲಿ ಕಛೇರಿ ಮಾಡುತ್ತಾರಲ್ಲ ಹಾಗೆ. ಮತ್ತೆ, ಬೇಸು ಕೂಡದು.

"ಬೇಸಿಲ್ದೆ ಎಂಗಮ್ಮ? ಎಲ್ಲಾರೂ ಅದ್ರ ತಾಳಾನೇ ಇಡ್ಕಂಡು ಓಗದು."

"ನಿಮ್ಮಲ್ಲಿ ಬೇಸು ಊದೋರು ಈಗ ಯಾರವ್ರೆ?"

"ಯಾರೂ ಇಲ್ಲ. ಕೀಬೋರ್ಡಲ್ಲಿ ಒತ್ತುತೀವಿ."

"ಒತ್ತಬ್ಯಾಡಿ. ಆ ಪೋಂ ಪೋಂ ಅವತ್ತು ನನ್ ಕಿವಿಗೆ ಬೀಳಬಾರ್ದು."

"ಕುಂತ್ಕಂಡು, ಬೇಸಿಲ್ದೆ..." ಪುಟ್ಟಮಾದು ನನ್ನನ್ನು ಮೇಲಿಂದ ಕೆಳಗೆ ನೋಡಿದ. "ನಿನ್ನಿಷ್ಟ ಬುಡಮ್ಮ."

ಪುಣ್ಯಸ್ಮರಣೆಯ ದಿನ ಭವನ ತುಂಬಿತ್ತು. ಬುದ್ಧ, ಬಾಬಾಸಾಹೇಬರ ಪಕ್ಕದಲ್ಲಿ ಅಪ್ಪನ ಫೋಟೋ. ಅದರ ಕೆಳಗೆ ಅವನ ಬೇಸು, ಅವ್ವ ಹುಣಸೆಹಣ್ಣು ಹಾಕಿ ತಿಕ್ಕಿ ಥಳಥಳ ಮಾಡಿದ್ದಳು. ಅವ್ವ ಬೆಳ್ಳಮ್ಮ ಮುಂದಿನ ಸಾಲಿನಲ್ಲಿ ಕೂತಿದ್ದಳು. ಹಿಂದೆ ನನ್ನ ವಿದ್ಯಾರ್ಥಿಗಳ ದಂಡು, ಕೈಯಲ್ಲಿ ಮೊಬೈಲು.

ಶುರುವೇನೋ ಚೆನ್ನಾಗಿಯೇ ಆಯಿತು. ಆಮೇಲೆ ಕ್ಲಾರಿನೆಟ್ಟು ಮುಂದೆ ಓಡಿತು. ಟ್ರಂಪೆಟ್ಟುಗಳು ಒಂದರ ಮುಖ ಒಂದು ನೋಡಿದವು. ಹುಟ್ಟಿದಾಗಿನಿಂದ ನಡೆಯುತ್ತಲೇ ಊದಿದವರು, ಕುರ್ಚಿಯಲ್ಲಿ ಕಾಲು ಎಲ್ಲಿಡಬೇಕೆಂದು ತಿಳಿಯದೆ ಒದ್ದಾಡುತ್ತಿದ್ದರು. ನಡುವಿಗೆ ಬರುವಷ್ಟರಲ್ಲಿ ಒಬ್ಬ ಮಂಡ್ಯದಲ್ಲಿದ್ದ, ಇನ್ನೊಬ್ಬ ಮದ್ದೂರಿನಲ್ಲಿದ್ದ, ಡ್ರಮ್ಮಿನವನು ಆಗಲೇ ಮಳವಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಇಳಿದಿದ್ದ. ಪುಟ್ಟಮಾದು ನಿಲ್ಲಿಸಿ ಮತ್ತೆ ಶುರು ಮಾಡಿಸಿದ. ಮತ್ತೆ ಅದೇ ಹಾಡು, ಅದೇ ಪಾಡು. ಯಾರೋ ಕಿಸಕ್ಕೆಂದರು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಆಗ ಅವ್ವ ಇಡೀ ಭವನಕ್ಕೆ ಕೇಳುವಂತೆ ಅಂದಳು: "ಸಾಲಿ, ಇದ್ರಲ್ಲಿ ನಿಮ್ಮಪ್ಪ ಎಲ್ಲವ್ನೆ?"

"ಇದೆಲ್ಲಾ ಅಪ್ಪನ್ದೇ ಕಣವ್ವ. ಸುಮ್ಕಿರು."

"ಅವ್ನ ಸದ್ದು ಎಲ್ಲದೆ ಅಂದೆ. ಬ್ಯಾಂಡು ಊರಿಗೆ ವಾಪಸ್ ಬರಾವಾಗ ಮೊದ್ಲು ಕೇಳ್ತಿದ್ದುದೇ ಆ ಪೋಂ ಅನ್ನದು. ಆಡು ಆಮ್ಯಾಕೆ. ಬಂದ್ನಲ್ಲಪ್ಪ ಅಂತ ನಾನು ಮುದ್ದೆಗೆ ಎಸ್ರು ಇಡ್ತಿದ್ದೆ."

ಇಷ್ಟು ದಿನ ಪುಟ್ಟಮಾದು, ದೇವರಾಜು, ಎಲ್ಲರ ಮೇಲೂ ಕುದಿಯುತ್ತಿದ್ದದ್ದು ಅವ್ವನ ಮೇಲೆ ಉಕ್ಕಿತು. "ಸತ್ತವ್ನೆ ಕಣವ್ವ! ಎಲ್ಲಿಂದ ತರ್ಲಿ ಆ ಸದ್ದ?"

ವರ್ಷವೆಲ್ಲ ಹೋದರು, ತೀರಿಕೊಂಡರು ಅಂತಲೇ ಹೇಳಿಕೊಂಡು ಬಂದಿದ್ದೆ. ಸತ್ತ ಎಂಬ ಮಾತು ನನ್ನ ಬಾಯಿಂದ ಬಂದದ್ದು ಅದೇ ಮೊದಲು.

ಅವ್ವ ಅಳಲಿಲ್ಲ, ಬೈಯಲೂ ಇಲ್ಲ. "ಮಣ್ಣಾಕಿದ್ದು ನಾನೂ ನೋಡಿವ್ನಿ" ಅಂದಳು. "ಆದ್ರೆ ಊರೈಕ್ಳೆಲ್ಲಾ ನಿನ್ ಇಂದ್ಗಡೆ ಆ ಸದ್ದ ಮಾಡ್ಕಂಡು ಬರವು. ಅವಕ್ಕೇ ಬತ್ತಿತ್ತು. ನೀನು ಮಗಳು, ನಿನ್ಗೆ ಬರಾಕಿಲ್ವಾ?"

ಪುಟ್ಟಮಾದು ಇದಕ್ಕೇ ಕಾಯುತ್ತಿದ್ದವನಂತೆ ಕುರ್ಚಿಯನ್ನು ಕಾಲಿನಿಂದ ಪಕ್ಕಕ್ಕೆ ತಳ್ಳಿದ. "ಏಳ್ರುಲಾ ಮ್ಯಾಕೆ!" ಎಲ್ಲರೂ ಎದ್ದರು. ಕಾಲಿಗೆ ನೆಲ ಸಿಕ್ಕಿದ್ದೇ ಮುಖಕ್ಕೆ ಕಳೆ ಬಂತು. ಆಮೇಲೆ ಎಲ್ಲರೂ ಸೇರಿ ನನ್ನನ್ನು ನೋಡಿದರು. ನಾನು ಅಧ್ಯಾಪಕಿ. ಇಸ್ತ್ರಿ ಮಾಡಿದ ಸೀರೆ ಉಟ್ಟಿದ್ದೇನೆ. ನಾಳೆ ಇದೇ ಹುಡುಗರ ಮುಂದೆ ನಿಂತು ಪಾಠ ಮಾಡಬೇಕು.

"ಪೋಂ" ಅಂದೆ.

"ಕೇಳ್ನಿಲ್ಲ ಕಣಮ್ಮ" ಅಂದ ಪುಟ್ಟಮಾದು. ಅವನ ಮೇಲಿನ ಕೋಪಕ್ಕೇ ಗಟ್ಟಿಯಾಗಿ ಅಂದೆ. ಪೋಂ... ಪೋಂ... ಹಿಂದೆ ಹುಡುಗರು ನಕ್ಕರು, ನಗಲಿ. ನನ್ನ ಕಾಲು ತಾನಾಗಿ ಎದ್ದು ಬಿದ್ದು ಮಾಡುತ್ತಿತ್ತು. ಕಿರುಗಾವಲಿನ ದಾರಿಯಲ್ಲಿ ಹೆಜ್ಜೆಗೊಂದರಂತೆ ಬೆನ್ನಿಗೆ ಬೀಳುತ್ತಿದ್ದ ತಾಳ ಅದು, ಒಂದಿಷ್ಟೂ ಮರೆತಿರಲಿಲ್ಲ. ಕ್ಲಾರಿನೆಟ್ಟು ಬಂದು ಅದರ ಮೇಲೆ ನಿಂತಿತು. ಟ್ರಂಪೆಟ್ಟುಗಳು ಬಂದವು. ಡ್ರಮ್ಮಿನವನೂ ಮಳವಳ್ಳಿಯಿಂದ ವಾಪಸು ಬಂದ. ಹಾಡು ನಡೆಯಿತು.

ನಡುವೆ ಅವ್ವ ಎದ್ದು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಇಷ್ಟೆಲ್ಲ ಮಾಡಿ ಬಾಯಿ ಒಣಗಿಸಿಕೊಂಡು ನಿಂತಿದ್ದರೆ ಎದ್ದು ಹೊರಟೇಬಿಟ್ಟಳಲ್ಲ ಈ ಮುದುಕಿ! ನಾನು ಪೋಂ ನಿಲ್ಲಿಸಿ ಕೇಳುವ ಹಾಗಿರಲಿಲ್ಲ.

ದೇವರಾಜು ಕೇಳಿದ. "ಎಲ್ಗವ್ವ, ಆಡು ಇನ್ನೂ ಮುಗುದಿಲ್ವಲ್ಲ?"

"ಎಸ್ರು ಇಡ್ತೀನಿ ಕಣ್ಲಾ" ಅಂದಳು ಅವ್ವ.