ಹ್ಞೂಂ ಅನ್ನುವ ಯಂತ್ರ

ಕಲಬುರಗಿಯ ಆಸ್ಪತ್ರೆಯೊಂದಕ್ಕೆ ಶುಭದಾ ಒಂದು ಯಂತ್ರ ಮಾಡಿಕೊಟ್ಟಿದ್ದಳು. ಅದು ರೋಗಿಗಳ ತೊಂದರೆಯನ್ನು ಫೋನಿನಲ್ಲೇ ಕೇಳಿ ಬರೆದುಕೊಳ್ಳುತ್ತಿತ್ತು. ಬಹಳ ಸಭ್ಯ ಯಂತ್ರ. ಎದುರಿನವರು ಮಾತಾಡುವಾಗ ಪಿಟ್ಟೆನ್ನುತ್ತಿರಲಿಲ್ಲ. ಆದರೆ ರೋಗಿಗಳು ಒಂದೇ ವಾಕ್ಯ ಹೇಳಿ ಫೋನ್ ಇಟ್ಟುಬಿಡುತ್ತಿದ್ದರು. ವಾರದೊಳಗೆ ಸರಿಹೋಗದಿದ್ದರೆ ಯಂತ್ರ ಬೇಡವೆಂದು ದೊಡ್ಡ ಡಾಕ್ಟರು ಹೇಳಿದ್ದರು.

ಕಾರಣ ಹುಡುಕುತ್ತ ಶುಭದಾ ಕಮಲಾಪುರಕ್ಕೆ ಹೋದಳು. ಅಲ್ಲಿನ ಕಸ್ತೂರಿಬಾಯಿ ‘ಮೊಣಕಾಲು ನೋವು’ ಎಂದಷ್ಟೇ ಹೇಳಿ ಫೋನ್ ಇಟ್ಟಿದ್ದರು.

“ಹ್ಞೂಂ ಅನ್ನಲಾರದವರ ಮುಂದ ಏನ್ ಹೇಳಾದು ತಂಗಿ? ಗ್ವಾಡಿಗಿ ಹೇಳಿದಂಗ ಆತು.”

ಶುಭದಾ ಅಲ್ಲೇ ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ಬಿಚ್ಚಿ, ನಡುನಡುವೆ ‘ಹ್ಞೂಂ’ ಎನ್ನುವುದನ್ನೂ ‘ಮುಂದ?’ ಎನ್ನುವುದನ್ನೂ ಯಂತ್ರಕ್ಕೆ ಕಲಿಸಿದಳು. ಮತ್ತೆ ಫೋನ್ ಹಿಡಿದ ಕಸ್ತೂರಿಬಾಯಿ ಮೊಣಕಾಲಿನಿಂದ ಹೊರಟು, ಸೊಸೆಯ ತವರುಮನೆ ಹಾದು, ಇಪ್ಪತ್ತನೇ ನಿಮಿಷಕ್ಕೆ ತಲೆಸುತ್ತಿಗೆ ಬಂದರು. “ಶ್ರಾವಣ ಹಿಡದೀನಿ ನೋಡ್ರಿ. ಉಪಾಸದಾಗ ಬ್ಯಾಡಂತ ಬಿ.ಪಿ. ಗುಳಿಗಿ ಬಿಟ್ಟೀನಿ.”

“ಹ್ಞೂಂ, ಮುಂದ?” ಎನ್ನುತ್ತಲೇ ಯಂತ್ರ ದೊಡ್ಡ ಡಾಕ್ಟರಿಗೆ ತುರ್ತು ಸಂದೇಶ ಕಳಿಸಿತು. ಅವರು ಕೂಡಲೇ ಶುಭದಾಳಿಗೆ ಫೋನ್ ಮಾಡಿದರು. “ಗುಳಿಗಿ ಇವತ್ತೇ ತಗೋಳಾಕ ಹೇಳ್ರಿ. ಯಂತ್ರ ಇರಲಿ.”

ಶುಭದಾ ಅದನ್ನು ತಿಳಿಸಿದಾಗ, ಪಕ್ಕದಲ್ಲಿ ಪೇಪರ್ ಓದುತ್ತಿದ್ದ ಕಸ್ತೂರಿಬಾಯಿಯ ಗಂಡ ಜಗದೇವಪ್ಪ ದಂಗಾದರು. “ಗುಳಿಗಿ ಬಿಟ್ಟಿದ್ದು ನನಗ್ಯಾಕ ಹೇಳಲಿಲ್ಲ?”

“ಎರಡು ಸಲ ಹೇಳೀನ್ರಿ.”

ಜಗದೇವಪ್ಪ ಪೇಪರ್ ಮಡಚಿಟ್ಟು ಹೆಂಡತಿಯ ಕಡೆ ತಿರುಗಿ ಕೂತರು. “ಹ್ಞಾಂ, ಈಗ ಹೇಳು.”

“ತಡೀರಿ,” ಎಂದರು ಕಸ್ತೂರಿಬಾಯಿ, ಫೋನಿಗೆ ಕೈ ಅಡ್ಡ ಹಿಡಿದು. “ಇದಕ್ಕ ಸೊಸಿದು ಹೇಳಾದು ಇನ್ನಾ ಮುಗದಿಲ್ಲ.”