ಹರಕೆಯ ಜಿಂಕೆ

ಹನ್ನೆರಡು ವರ್ಷದ ಹಿಂದೆ, ಐವತ್ತೆರಡನೇ ಇಸವಿಯಲ್ಲಿ, ಚಿನ್ನದ ಗಣಿಯೊಳಗೆ ಬಂಡೆ ಸಿಡಿದು ಕದಿರಪ್ಪ ಎರಡು ದಿನ ಕತ್ತಲಲ್ಲಿ ಸಿಕ್ಕಿಕೊಂಡಿದ್ದ. ಹೊರಗೆ ತೆಗೆದು ಊರಿಗೆ ತರುವಾಗ ಕ್ಯಾಸಂಬಳ್ಳಿ ದಾರಿಯ ಗಂಗಮ್ಮನ ತೋಪಿನ ಹತ್ತಿರ ಗಾಡಿ ನಿಲ್ಲಿಸಿದರು. ಕಾರೆ ಪೊದೆಯೊಳಗಿಂದ ಒಂದು ಪಿಕಳಾರ ಹಕ್ಕಿ ಕೂಗಿತು. ಬದುಕಿದ್ದೇನೆ ಎಂದು ಅವನಿಗೆ ನಂಬಿಕೆ ಬಂದದ್ದು ಆಗಲೇ. ಗಾಡಿಯಲ್ಲೇ ಗೊಳೋ ಎಂದು ಅತ್ತುಬಿಟ್ಟ.

ಕತ್ತಲಿಂದ ಗಂಡನನ್ನು ಬಿಡಿಸಿದರೆ ಬಲೆಯಿಂದ ಜೀವ ಬಿಡಿಸುತ್ತೇನೆಂದು ಹೆಂಡತಿ ಮುನಿಶಾಮಮ್ಮ ಗಂಗಮ್ಮನಿಗೆ ಹರಕೆ ಹೊತ್ತಿದ್ದಳು. ಬೇಟೆಯವರಿಂದ ಒಂದು ಜೋಡಿ ಜಿಂಕೆ ತಂದು, ಕಾಲಿನ ಹಗ್ಗ ಬಿಚ್ಚಿ ತೋಪಿಗೆ ಬಿಟ್ಟರು. ಅದನ್ನು ನೋಡಿ, ಗಣಿಯಿಂದ ಬದುಕಿ ಬಂದವರ ಮನೆಯವರೆಲ್ಲ ಹಾಗೇ ಮಾಡತೊಡಗಿದರು. ಹಗ್ಗ ಬಿಚ್ಚುವುದು ಮಾತ್ರ ಕದಿರಪ್ಪನ ಕೈಯೇ ಆಗಬೇಕು. ಅವನಿಗೂ ಅದು ಹೆಮ್ಮೆಯೇ, ಸುಳ್ಳು ಯಾಕೆ ಹೇಳಬೇಕು.

ಅಮ್ಮನ ಜಿಂಕೆಗೆ ಕಲ್ಲು ಬೀಸುವ ಹಾಗಿಲ್ಲ, ನಾಯಿ ಛೂ ಬಿಡುವ ಹಾಗಿಲ್ಲ. ಹೆಚ್ಚದೆ ಇನ್ನೇನು ಮಾಡುತ್ತವೆ? ಈಗ ಅರವತ್ತಕ್ಕೂ ಮೇಲೆ. ಮೊದಲು ಹುಲ್ಲು ಮುಗಿಯಿತು, ಆಮೇಲೆ ಸಸಿ, ಆಮೇಲೆ ಪೊದೆ. ಜಿಂಕೆಯ ಬಾಯಿಗೆ ಎಟಕುವಷ್ಟೆತ್ತರ ಹಸಿರೇ ಇಲ್ಲ. ಹುಣಸೆಮರಗಳೇನೋ ದಟ್ಟವಾಗಿಯೇ ಇದ್ದವು, ನೋಡಿದವರು ಎಂಥ ತಂಪು ತೋಪಪ್ಪಾ ಎನ್ನುತ್ತಿದ್ದರು. ಪೊದೆಯಲ್ಲಿ ಗೂಡು ಕಟ್ಟುವ ಹಕ್ಕಿಗಳು ಒಂದೊಂದಾಗಿ ಹೋದದ್ದು ಯಾರ ಗಮನಕ್ಕೂ ಬರಲಿಲ್ಲ. ಕೂಗು ಕಡಿಮೆಯಾದದ್ದು ಕದಿರಪ್ಪನ ಕಿವಿಗೆ ಮಾತ್ರ ಗೊತ್ತಾಯಿತು.

ಆ ಬೇಸಿಗೆಗೆ ಉಳಿದದ್ದು ಗುಡಿಯ ಗೋಡೆಗೆ ಆತುಕೊಂಡ ಒಂದೇ ಕಾರೆ ಪೊದೆ. ಅದರಲ್ಲೊಂದು ಪಿಕಳಾರದ ಜೋಡಿ, ಗೂಡಿನಲ್ಲಿ ಎರಡು ಮರಿ. ಇನ್ನು ಐದಾರು ದಿನ ಕಳೆದರೆ ಹಾರುತ್ತಿದ್ದವು.

ಗಣಿಯಲ್ಲಿ ಅವನದು ಕುಸಿಯದಂತೆ ಬಂಡೆಗೆ ಮರ ಆನಿಸುವ ಕೆಲಸ. ಅದೇ ಕೈಯಲ್ಲಿ ಪೊದೆಯ ಸುತ್ತ ಗೂಟ ಹೂತು, ಅಡ್ಡಮರ ಬಿಗಿದು, ಸಂದಿಗೆಲ್ಲ ಜಾಲಿ ಕೊಂಬೆ ತುರುಕಿದ. ಆನೆ ಬಂದರೂ ಅಲ್ಲಾಡದು ಎಂದುಕೊಂಡು ಅಂದು ನೆಮ್ಮದಿಯಾಗಿ ಉಂಡ.

ಬೆಳಿಗ್ಗೆ ಹೋಗಿ ನೋಡಿದರೆ ಕೊಂಬೆಗಳೆಲ್ಲ ಹೊರಗೆ ಚೆಲ್ಲಾಡಿದ್ದವು. ಆ ಸಂದಿಯಲ್ಲೇ ಜಿಂಕೆಗಳು ನುಗ್ಗಿದ್ದವು. ಪೊದೆ ಬರೀ ಕಡ್ಡಿ. ಗೂಡು ಗೊರಸಿನಡಿ ಸಿಕ್ಕಿ ಮಣ್ಣುಪಾಲಾಗಿತ್ತು.

ಹಿಂದೆಯೇ ಬಂದ ಮುನಿಶಾಮಮ್ಮ ಒಂದು ಕೊಂಬೆ ಎತ್ತಿ ನೋಡಿ ಹಣೆ ಚಚ್ಚಿಕೊಂಡಳು.

"ಅಯ್ಯೋ, ನೀನು ಮೇಕೆ ಮೇಯ್ಸಿದ್ರೆ ತಾನೆ ಗೊತ್ತಾಗಕ್ಕೆ! ಕಾಯಿ ಬಿಟ್ಟಿರೋ ಜಾಲಿ ತಂದು ಕಟ್ಟಿದ್ದೀಯಲ್ಲ. ಆ ಕಾಯಿ ಅಂದ್ರೆ ಮೇಕೆಗೂ ಜಿಂಕೆಗೂ ಪ್ರಾಣ. ನೀನೇ ಎಲೆ ಆಕಿ ಊಟಕ್ಕೆ ಕರ್ದಂಗಾಯ್ತು."

ಪಿಕಳಾರದ ಜೋಡಿ ಸ್ವಲ್ಪ ಹೊತ್ತು ಕಡ್ಡಿಗಳ ಮೇಲೆ ಸುತ್ತಾಡಿ, ಹಳ್ಳ ದಾಟಿ ಹೋಯಿತು.

ಅಷ್ಟರಲ್ಲಿ ಒಂದು ಗಾಡಿ ಬಂತು. ಗಣಿ ಕೂಲಿಗಳ ಊರಿಗಾಂ ಲೈನಿನ ಕನಕಮ್ಮ ಇಳಿದಳು. ಕಳೆದ ವಾರ ಗಣಿ ಕುಸಿದಾಗ ಒಳಗೇ ಉಳಿದಿದ್ದ ಅವಳ ಗಂಡ ಪೆರುಮಾಳ್ ಮೊನ್ನೆ ಜೀವಂತ ಮೇಲೆ ಬಂದಿದ್ದ. ಗಾಡಿಯಲ್ಲಿ ಕಾಲು ಕಟ್ಟಿದ ಹೆಣ್ಣು ಜಿಂಕೆ, ತುಂಬಿದ ಬಸುರಿ.

"ಬ್ಯಾಡ ತಾಯೀ, ತೋಪಿನಾಗೆ ಇನ್ನು..." ಎಂದ ಕದಿರಪ್ಪ.

ಅವಳು ಕಾಲಿಗೆ ಬಿದ್ದಳು. "ನಿಮ್ ಕೈಯಿಂದ್ಲೇ ಬಿಚ್ಬೇಕು ಮಾವ. ಅರಕೆ ತೀರಿಸ್ದೆ ಅವ್ರನ್ನ ಮತ್ತೆ ಕೆಳಕ್ಕೆ ಎಂಗೆ ಕಳಿಸ್ಲಿ?"

ಆ ಕತ್ತಲು ಅವನಿಗೆ ಗೊತ್ತಿತ್ತು. ಮಂಡಿಯೂರಿ ಗಂಟು ಬಿಚ್ಚಿದ. ಜಿಂಕೆ ತಡಬಡಿಸಿ ಎದ್ದು ಹಿಂಡಿನ ಕಡೆ ಓಡಿತು.

ಕನಕಮ್ಮ ಕಣ್ಣೊರೆಸಿಕೊಂಡು ಸುತ್ತ ನೋಡಿದಳು. "ಏನ್ ನೆಮ್ಮದಿ ಮಾವ ಇಲ್ಲಿ! ಒಂದ್ ಸದ್ದೂ ಇಲ್ಲ."