ನಾಲಿಗೆಯ ಪಕ್ಕದ ಹಲ್ಲು

ಕಾರ್ಖಾನೆಯಲ್ಲಿ ನನ್ನ ಗಂಡನನ್ನು ಎಲ್ಲರೂ 'ನಾಲಿಗೆ' ಎಂದೇ ಕರೆಯುತ್ತಿದ್ದರು. ನಾಲಿಗೆ ಬಂದ್ರಾ? ನಾಲಿಗೆಗೆ ಇವತ್ತು ನೆಗಡಿಯಂತೆ, ಕೆಲಸ ನಿಂತಿದೆ. ಅದರಲ್ಲಿ ಕುಹಕವೇನೂ ಇರಲಿಲ್ಲ. ಇವರು ಟೀ ರುಚಿ ನೋಡುವವರು. ಎಲ್ಲೆಲ್ಲಿಂದಲೋ ಚೀಲಗಳಲ್ಲಿ ಬರುವ ಪುಡಿಯನ್ನು ರುಚಿ ನೋಡಿ, ಯಾವುದಕ್ಕೆ ಯಾವುದನ್ನು ಎಷ್ಟು ಬೆರೆಸಿದರೆ ಕಂಪನಿಯ ಪೊಟ್ಟಣದ ರುಚಿ ಮೊದಲಿನಂತೆಯೇ ಉಳಿಯುತ್ತದೆ ಎಂದು ಹೇಳುವುದು ಇವರ ಕೆಲಸ. ಮಳೆ ಜಾಸ್ತಿಯಾದ ವರ್ಷದ ಎಲೆ ಒಂದು ಥರ, ಬಿಸಿಲು ಜಾಸ್ತಿಯಾದ ವರ್ಷದ್ದು ಇನ್ನೊಂದು ಥರ. ಪೊಟ್ಟಣ ಕೊಂಡವರಿಗೆ ಮಾತ್ರ ಅದರ ಸುಳಿವು ಸಿಗಬಾರದು.

ಆ ಕೋಣೆಯನ್ನು ನಾನು ಒಂದು ಸಲ ನೋಡಿದ್ದೇನೆ. ಕಿಟಕಿಗಳೆಲ್ಲ ಒಂದೇ ಕಡೆಗೆ, ಬೆಳಕು ಒಂದೇ ಸಮ ಬೀಳಲಿ ಎಂದು. ಉದ್ದನೆಯ ಬಿಳಿ ಕಲ್ಲಿನ ಮೇಜಿನ ಮೇಲೆ ಹಿಡಿಯಿಲ್ಲದ ಬಿಳಿ ಬಟ್ಟಲುಗಳ ಸಾಲು. ಇವರು ಚಮಚದಲ್ಲಿ ಎತ್ತಿ, ಸೊರ್ರ್ ಎಂದು ಬಾಯಿಗೆಳೆದುಕೊಂಡು, ಒಂದು ಕ್ಷಣ ಕಣ್ಣು ಮುಚ್ಚಿ, ಪಕ್ಕದಲ್ಲಿ ಚಕ್ರದ ಮೇಲೆ ನಿಂತ ತಗಡಿನ ಡಬ್ಬಕ್ಕೆ ಉಗುಳಿ, ಡಬ್ಬವನ್ನು ಕಾಲಲ್ಲೇ ತಳ್ಳಿಕೊಂಡು ಮುಂದಿನ ಬಟ್ಟಲಿಗೆ ಹೋಗುತ್ತಿದ್ದರು. ಮನೆಯಲ್ಲಿ ಮಗಳು ಹಾಲನ್ನು ಸೊರ್ರೆನಿಸಿ ಕುಡಿದಾಗ ನಾನು ಗದರಿದರೆ, "ಅಪ್ಪ ಸಂಬಳ ತರೋದೇ ಹೀಗೆ ಕುಡಿದು" ಎನ್ನುತ್ತಿದ್ದಳು. ಅವಳಿಗೆ ನನ್ನ ಬಾಯಿ ಬಂದಿದೆ, ಏನು ಮಾಡುವುದು.

ಆ ನಾಲಿಗೆಯ ಸೇವೆ ಮಾಡಿದವಳು ನಾನು. ನಮ್ಮ ಮನೆಯಲ್ಲಿ ಹಸಿ ಈರುಳ್ಳಿ ಹೆಚ್ಚುವಂತಿಲ್ಲ. ಘಮಘಮಿಸುವ ಸೋಪು ಇಲ್ಲ, ಪೌಡರು ಇಲ್ಲ. ಹಲ್ಲುಜ್ಜುವ ಪೇಸ್ಟಿನಲ್ಲಿ ಪುದೀನ ಇರುತ್ತದೆಂದು ಇವರು ಬರೀ ನೀರಿನಲ್ಲಿ ಬ್ರಷ್ ಅದ್ದಿ ಉಜ್ಜುತ್ತಿದ್ದರು. ಮದುವೆಯಾದ ಹೊಸತರಲ್ಲಿ ನನಗೆ ಅಳು ಬರುತ್ತಿತ್ತು. ಆಮೇಲೆ ಅಭ್ಯಾಸವಾಯಿತು, ಸ್ವಲ್ಪ ಹೆಮ್ಮೆಯೂ ಬಂತು. ಹೊಲಿಗೆ ಯಂತ್ರದ ಮುಂದೆ ಕೂತು ಶಾಲೆಯ ಸಮವಸ್ತ್ರಗಳಿಗೆ ಗುಂಡಿ ಹಾಕುವ ನನ್ನಂಥವಳಿಗೆ, ಊರಿಗೆಲ್ಲ ರುಚಿ ಹೇಳುವ ಗಂಡ.

ಇವರಿಗೆ ನಲವತ್ತು ದಾಟಿದ ಮೇಲೆ ಎಡಗಡೆಯ ದವಡೆ ನೋಯಲು ಶುರುವಾಯಿತು. ಒಂದು ಸಲ ಊದಿ ತಾನೇ ಇಳಿಯಿತು, ಕೆಲವು ತಿಂಗಳಾದ ಮೇಲೆ ಮತ್ತೆ ಊದಿತು. ದಂತವೈದ್ಯೆಯ ಬಳಿ ಎಳೆದುಕೊಂಡು ಹೋದೆ. ಆಕೆ ಎಕ್ಸ್‌ರೇ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು ತೋರಿಸಿದಳು. ಕೊನೆಯ ಹಲ್ಲು, ಬುದ್ಧಿಹಲ್ಲು, ನೆಟ್ಟಗೆ ಏಳುವ ಬದಲು ಅಡ್ಡ ಮಲಗಿ ಮುಂದಿನ ಹಲ್ಲಿಗೆ ತಲೆ ಕೊಟ್ಟಿತ್ತು.

"ಬಸ್ಸಲ್ಲಿ ಪಕ್ಕದೋರ ಹೆಗಲ ಮೇಲೆ ಒರಗಿ ನಿದ್ದೆ ಹೊಡೀತಾರಲ್ಲ, ಹಾಗೆ" ಎಂದಳು.

"ಈ ವಯಸ್ಸಿಗೆ ಬುದ್ಧಿ ಹೊರಗೆ ಬರೋಕೆ ಹೊರಟಿದೆ, ಅದೂ ಅಡ್ಡಡ್ಡ" ಎಂದೆ ನಾನು. ಇವರು ನಗಲಿಲ್ಲ.

"ಕೀಳಿಸಲೇಬೇಕಾ ಡಾಕ್ಟ್ರೇ?"

"ತೊಂದ್ರೆ ಕೊಡದೆ ತೆಪ್ಪಗೆ ಮಲಗಿರೋ ಹಲ್ಲನ್ನ ನಾನಾಗಿ ಎಬ್ಬಿಸೋಕೆ ಹೋಗಲ್ಲ ಸರ್. ನೋಡ್ತಾ ಇರೋಣ ಅಂತೀನಿ. ಆದ್ರೆ ನಿಮ್ಮದು ಆಗ್ಲೇ ಎರಡು ಸಲ ಕೀವು ಕಟ್ಟಿದೆ. ಮತ್ತೆ ಕಟ್ಟುತ್ತೆ. ವಯಸ್ಸಾಗ್ತಾ ಮೂಳೆ ಗಟ್ಟಿಯಾಗುತ್ತೆ. ಊತ ಇಳಿದಿರುವಾಗ, ಈಗ್ಲೇ, ತೆಗೆಸಿಬಿಡೋದು ವಾಸಿ."

"ಏನೂ ಅಪಾಯ ಇಲ್ವಾ?"

ಆಕೆ ಪ್ರಾಮಾಣಿಕಳು. ಅದೇ ನಮ್ಮ ದುರದೃಷ್ಟವಾಯಿತು. "ನಾಲಿಗೆಗೆ ಹೋಗೋ ನರ ಈ ಹಲ್ಲಿನ ಪಕ್ಕದಲ್ಲೇ ಹೋಗುತ್ತೆ. ಎಲ್ಲೋ ಕೆಲವರಿಗೆ ನಾಲಿಗೆ ಆ ಕಡೆ ಜೋಮು ಹಿಡಿದ ಹಾಗಾಗುತ್ತೆ. ಹೆಚ್ಚಿನೋರಿಗೆ ಕೆಲವು ತಿಂಗಳಲ್ಲಿ ಸರಿಹೋಗುತ್ತೆ. ತೀರಾ ಅಪರೂಪಕ್ಕೆ ಸರಿಹೋಗಲ್ಲ."

"ಆ ಅಪರೂಪದೋನು ನಾನೇ ಆದ್ರೆ?"

"ಆಗಲ್ಲ ಅಂತ ನಾನು ಬರ್ಕೊಡೋಕಾಗಲ್ಲ ಸರ್."

ಅಲ್ಲಿಗೆ ಮುಗಿಯಿತು. ಆಮೇಲೆ ಆಕೆ ಹೇಳಿದ್ದು ಇವರ ಕಿವಿಗೆ ಬೀಳಲೇ ಇಲ್ಲ. ಕೀಳಿಸುವುದಿಲ್ಲ ಎಂದಾದರೆ ಸೋಂಕು ಏಳದಂತೆ ನೋಡಿಕೊಳ್ಳಬೇಕು, ಈ ಔಷಧಿ ನೀರಿನಲ್ಲಿ ದಿನಾ ಎರಡು ಹೊತ್ತು ಬಾಯಿ ಮುಕ್ಕಳಿಸಬೇಕು, ಈ ಮಾತ್ರೆಗಳನ್ನು ನಡುವೆ ನಿಲ್ಲಿಸದೆ ಮುಗಿಸಬೇಕು ಎಂದಳು. ನಾನು ಎಲ್ಲಕ್ಕೂ ತಲೆಯಾಡಿಸಿ, ಬಾಟಲಿ ಮಾತ್ರೆ ಚೀಲಕ್ಕೆ ಹಾಕಿಕೊಂಡು ಬಂದೆ.

ಮನೆಯಲ್ಲಿ ಪಂಚಾಯಿತಿ ಸೇರಿತು. ಪಂಚಾಯಿತಿ ಎಂದರೆ ಇವರ ಅಣ್ಣ ಒಬ್ಬರೇ, ಆದರೆ ಹತ್ತು ಜನರಷ್ಟು ಮಾತಾಡುತ್ತಾರೆ. ಬಸ್ಸಿನಲ್ಲಿ ಕಂಡಕ್ಟರಾಗಿ ನಿವೃತ್ತರಾದವರು, ದನಿ ಇನ್ನೂ ಹಿಂದಿನ ಸೀಟಿನವರೆಗೆ ಕೇಳಿಸುತ್ತದೆ.

"ಕೀಳಿಸ್ಬೇಡ ಕಣೋ! ನನ್ನ ನೋಡು, ಜೀವಮಾನದಲ್ಲಿ ಒಂದು ಹಲ್ಲು ಕೀಳಿಸಿಲ್ಲ. ಎಲ್ಲಾ ತಾವಾಗೇ ಬಿದ್ವು!"

"ಭಾವ, ನಿಮ್ಮ ಹೊಟ್ಟೆಪಾಡು ನಾಲಿಗೆ ಮೇಲೆ ನಿಂತಿರಲಿಲ್ಲ" ಎಂದೆ.

"ಅದಕ್ಕೇ ಹೇಳ್ತಿರೋದಮ್ಮ. ಅವನ ನಾಲಿಗೆ ಹೋದ್ರೆ ಏನು ಉಳೀತು? ಲವಂಗದ ಎಣ್ಣೆ ಹಚ್ಚಿಕೊಳ್ಲಿ, ನೋವು ಮಂಗಮಾಯ."

"ಲವಂಗಾನ?" ಎಂದು ಇವರು ಬೆಚ್ಚಿದರು. ವಿಷ ಎಂದಿದ್ದರೂ ಹಾಗೆ ಬೆಚ್ಚುತ್ತಿರಲಿಲ್ಲ.

ನಾನು ಕೀಳಿಸಿ ಎಂದೆ. ಒಂದು ದಿನ ಅಲ್ಲ, ಎಷ್ಟೋ ದಿನ ಹೇಳಿದೆ, ಜಗಳವಾಡಿದೆ. "ನಿಂಗೇನು, ನಿನ್ನ ನಾಲಿಗೆ ಹೋದ್ರೆ ಊರಿಗೇ ನೆಮ್ಮದಿ" ಎಂದು ತಮಾಷೆಗೆ ತಿರುಗಿಸಿದರು. ಹೊಸ ಎಲೆ ಬರುವ ಕಾಲ ಮುಗಿಯಲಿ ಎಂದರು. ಅದು ಮುಗಿದಾಗ ಊತ ಇರಲಿಲ್ಲ, ಊತ ಇಲ್ಲದಾಗ ಯಾಕೆ ಎಂದರು. ಅತ್ತ ದರಿ, ಇತ್ತ ಪುಲಿ ಎಂಬಂಥ ಸ್ಥಿತಿ ಅದು, ನನಗೂ ಗೊತ್ತಿತ್ತು. ಆದರೆ ಬಾಟಲಿಯ ನೀರು ದಿನದಿನಕ್ಕೆ ಇಳಿಯುತ್ತಿರುವುದನ್ನು ಕಂಡು, ಮುಕ್ಕಳಿಸುತ್ತಿದ್ದಾರಲ್ಲ, ಅಷ್ಟಾದರೂ ಸಾಕು ಎಂದು ಸಮಾಧಾನಪಟ್ಟಿದ್ದೆ.

ಒಂದು ಬೆಳಿಗ್ಗೆ ಇವರಿಗೆ ಬಾಯಿ ತೆರೆಯಲು ಆಗಲಿಲ್ಲ. ದವಡೆಯಿಂದ ಕತ್ತಿನವರೆಗೆ ಊದಿ ಚರ್ಮ ಹೊಳೆಯುತ್ತಿತ್ತು. ಜೊಲ್ಲು ನುಂಗಲಾರದೆ ಟವೆಲಿನಲ್ಲಿ ಒರೆಸಿಕೊಳ್ಳುತ್ತಿದ್ದರು. ದೊಡ್ಡಾಸ್ಪತ್ರೆಯಲ್ಲಿ, ಇನ್ನು ಕಾದರೆ ಉಸಿರಿಗೇ ಕುತ್ತು ಎಂದು ನೇರ ಒಳಗೆ ಕರೆದೊಯ್ದರು. ಹೋಗುವ ಮುಂಚೆ ಅಲ್ಲಿಯ ಡಾಕ್ಟರು, ಔಷಧಿ ನೀರು ಬಳಸುತ್ತಿದ್ದರಾ, ಮಾತ್ರೆ ಮುಗಿಸಿದ್ದರಾ ಎಂದು ನನ್ನನ್ನು ಕೇಳಿದರು. ಹೌದು ಎಂದೆ. ಮಲಗಿದ್ದಲ್ಲೇ ಇವರು ಇಲ್ಲ ಎಂದು ಕೈಯಾಡಿಸಿದರು.

ಆ ನೀರು ಬಾಯಿಗೆ ಹಾಕಿದರೆ ದಿನವಿಡೀ ರುಚಿ ಮಂಕಾಗುತ್ತದೆ. ಮಾತ್ರೆ ತಿಂದರೆ ಬಾಯೆಲ್ಲ ತಾಮ್ರ. ಎರಡನ್ನೂ ಒಂದೊಂದೇ ಸಲ ಬಳಸಿ ನೋಡಿ, ಬಟ್ಟಲುಗಳ ಮುಂದೆ ನಿಂತಾಗ ಹೆದರಿ, ಬಿಟ್ಟೇಬಿಟ್ಟಿದ್ದರು. ನಾನು ಬಾಟಲಿ ನೋಡುತ್ತೇನೆಂದು ದಿನಾ ಒಂದೊಂದು ಮುಚ್ಚಳ ಚರಂಡಿಗೆ ಸುರಿದಿದ್ದರು. ಬೇರೆ ಯಾವ ಗಂಡಸೂ ಮಾಡದ ತಪ್ಪು ಅದು. ಸೋಮಾರಿತನಕ್ಕೆ ಬಿಟ್ಟವರು ಇದ್ದಾರು, ಮರೆತು ಬಿಟ್ಟವರು ಇದ್ದಾರು. ನಾಲಿಗೆಯನ್ನು ಕಾಪಾಡಲು ಹೋಗಿ ನಾಲಿಗೆಯ ಪಕ್ಕದಲ್ಲೇ ಕೀವು ಸಾಕಿದವರು ಇವರೊಬ್ಬರೇ.

ಹಲ್ಲು ತುಂಡುತುಂಡಾಗಿ ಬಂತಂತೆ. ಊತದಲ್ಲಿ ನರ ಎಲ್ಲಿದೆ ಎಂದು ಕಾಣುವುದೇ ಕಷ್ಟವಾಯಿತಂತೆ. ಜೀವ ಉಳಿಯಿತು ಎಂದು ಆ ಡಾಕ್ಟರು ಹೇಳಿದ್ದು ನಿಜ, ಅವರ ಮೇಲೆ ತಪ್ಪು ಹೊರಿಸಲು ನನ್ನ ಹತ್ತಿರ ಏನೂ ಇರಲಿಲ್ಲ. ಯಾರನ್ನಾದರೂ ಬೈಯಬಹುದಾಗಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ನಾಲಿಗೆಯ ಎಡಭಾಗ ಸತ್ತಿತ್ತು. ಊಟ ಮಾಡುವಾಗ ಅದನ್ನೇ ಕಚ್ಚಿಕೊಂಡು, ಗಲ್ಲದ ಮೇಲೆ ರಕ್ತ ಇಳಿದರೂ ಇವರಿಗೆ ತಿಳಿಯುತ್ತಿರಲಿಲ್ಲ. ಮಗಳು ಮೊದಲ ಸಲ ಕಿರುಚಿದಳು, ಆಮೇಲೆ ಸುಮ್ಮನೆ ಕರವಸ್ತ್ರ ಕೊಡುವುದನ್ನು ಕಲಿತಳು. ಬದುಕಿದ್ದ ಬಲಭಾಗವೂ ನೆಟ್ಟಗಿರಲಿಲ್ಲ. ಎರಡೂ ಸೇರಿ ಹೇಳುತ್ತಿದ್ದ ರುಚಿಯನ್ನು ಒಂದೇ ಕಡೆಯಿಂದ ಕೇಳಿ ನಂಬುವುದು ಹೇಗೆ ಎನ್ನುತ್ತಿದ್ದರು.

ಕಾಯಿರಿ, ನರ ನಿಧಾನವಾಗಿ ಚೇತರಿಸಿಕೊಳ್ಳುತ್ತದೆ ಎಂದರು. ಕಾದೆವು. ತಿಂಗಳು ತಿಂಗಳೂ ಆ ದಂತವೈದ್ಯೆಯ ಬಳಿ ಹೋಗಿ ಪರೀಕ್ಷೆ. ಕಣ್ಣು ಮುಚ್ಚಿ ನಾಲಿಗೆ ಚಾಚಬೇಕು, ಆಕೆ ಹತ್ತಿಯ ಎಳೆಯಿಂದ ಮುಟ್ಟುತ್ತಾಳೆ, ಗೊತ್ತಾದರೆ ಬೆರಳೆತ್ತಬೇಕು. ಒಂದು ಸಲ ಇವರು ಬೆರಳೆತ್ತಿದರು. ನಾನು ಕುರ್ಚಿಯಿಂದ ಅರ್ಧ ಎದ್ದೆ. ಮತ್ತೆ ಎತ್ತಿದರು.

ಆಕೆ ಹತ್ತಿಯನ್ನು ಕೆಳಗಿಟ್ಟು ನನ್ನತ್ತ ನೋಡಿ, ತಗ್ಗಿದ ದನಿಯಲ್ಲಿ, "ಸರ್, ನಾನಿನ್ನೂ ಮುಟ್ಟೇ ಇಲ್ಲ" ಎಂದಳು.

ಇವರು ಕಣ್ಣು ತೆರೆಯದೆ ಹಾಗೇ ಕೂತಿದ್ದರು. ನಾನು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಅತ್ತೆ. ಇನ್ನು ಬರುವುದಿಲ್ಲ ಎಂದು ಆವತ್ತೇ ನನಗೆ ಖಾತ್ರಿಯಾಯಿತು.

ಈ ನಡುವೆ ಕೆಲಸ ನಡೆದೇ ಇತ್ತು. ಕಾರ್ಖಾನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಬಟ್ಟಲುಗಳ ಮುಂದೆ ನಿಂತು ಸೊರ್ರೆನ್ನುತ್ತಿದ್ದರು, ಉಗುಳುತ್ತಿದ್ದರು, ಬಣ್ಣ ನೋಡಿ, ಮೂಸಿ, ಹಿಂದಿನ ನೆನಪಿನ ಮೇಲೆ ಇಷ್ಟಿಷ್ಟು ಎಂದು ಹೇಳುತ್ತಿದ್ದರು. ಒಂದು ಸಲ ಅವಸರದಲ್ಲಿ ಸರಿಯಾಗಿ ಮೂಸದೆ, ಹೊಗೆ ಹಿಡಿದ ಪುಡಿಯನ್ನು ತಿಳಿಯದೆ ದಂಡಿಯಾಗಿ ಬೆರೆಸಿದ್ದರಂತೆ. ಪೊಟ್ಟಣಗಳೆಲ್ಲ ಅಂಗಡಿ ಸೇರಿದ ಮೇಲೆ, ಉಳಿದ ಚೀಲವನ್ನು ಮೂಸಿದಾಗ ಗೊತ್ತಾಯಿತು. ಆ ಸಂಜೆ ಮನೆಗೆ ಬಂದು ಊಟ ಮಾಡಲಿಲ್ಲ. ನಾಳೆ ಹೋಗಿ ಎಲ್ಲ ಒಪ್ಪಿಕೊಳ್ಳುತ್ತೇನೆ, ಕೆಲಸ ಹೋದರೆ ಹೋಗಲಿ ಎಂದರು. ಹೋಗಲಿ, ನನ್ನ ಯಂತ್ರ ಇದೆ ಎಂದೆ. ನಿಜ ಹೇಳಬೇಕೆಂದರೆ ರಾತ್ರಿಯೆಲ್ಲ ಗುಂಡಿಗಳ ಲೆಕ್ಕದಲ್ಲಿ ಮನೆಖರ್ಚು ಎಣಿಸುತ್ತಿದ್ದೆ.

ಮರುದಿನ ಬೇಗ ವಾಪಸು ಬಂದರು. ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತರು.

"ಏನಂದ್ರು ಮ್ಯಾನೇಜರು? ತೆಗೆದುಹಾಕಿದ್ರಾ?"

"ಇಲ್ಲ."

"ಮತ್ತೆ?"

"ಕೂರಿಸಿ ನೀರು ಕೊಟ್ರು. ಎಲ್ಲ ಕೇಳಿದ್ರು. ಒಂದು ದೂರೂ ಬಂದಿಲ್ಲವಲ್ಲ, ಸುಮ್ನೆ ಯಾಕೆ ತಲೆ ಕೆಡಿಸ್ಕೋತೀರಿ ಅಂದ್ರು. ಮಾಲು ಮೊದಲಿಗಿಂತ ಜಾಸ್ತಿನೇ ಹೋಗ್ತಿದೆಯಂತೆ."

ನನಗೆ ಎಷ್ಟು ಖುಷಿಯಾಯಿತೆಂದರೆ, "ಸದ್ಯ, ದೇವರು ದೊಡ್ಡವನು!" ಎಂದುಬಿಟ್ಟೆ. ಇವರ ಮುಖ ನೋಡಿದ ಮೇಲೆ ಬಾಯಿ ಮುಚ್ಚಿಕೊಂಡೆ.

ಆಮೇಲೆ ಇವರು ಜನರನ್ನು ಕೇಳುತ್ತಾ ತಿರುಗಿದರು. ಮೂಲೆಯ ಟೀ ಅಂಗಡಿಯವನನ್ನು ಕೇಳಿದರು. ಪಕ್ಕದ ಮನೆಯವರನ್ನು ಕೇಳಿದರು. ಈಚೆಗೆ ಟೀ ಹೇಗಿದೆ? ಚೆನ್ನಾಗಿದೆ ಸಾರ್, ನಿಮ್ಮ ಕೈಗುಣ. ಅಣ್ಣನನ್ನು ಕೇಳಿದರು. "ಬಿಸಿ ಇದ್ರೆ ಸಾಕು ಕಣೋ, ಟೀಗೆ ಇನ್ನೇನಿರುತ್ತೆ!" ಎಂದರು ಭಾವ. ಇವರಿಗೆ ಬೇಕಿದ್ದದ್ದು ಒಂದೇ ಒಂದು ದೂರು. ಥೂ, ಏನಿದು, ಕೆಟ್ಟುಹೋಗಿದೆ ಎಂದು ಒಬ್ಬರಾದರೂ ಉಗಿಯಬೇಕಿತ್ತು. ಯಾರೂ ಉಗಿಯಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ಇವರೇ ಒಲೆ ಹಚ್ಚಿ ಟೀ ಮಾಡಿದರು. ಹಾಲಿಲ್ಲ, ಸಕ್ಕರೆಯಿಲ್ಲ. ನನ್ನ ಯಂತ್ರದ ಪಕ್ಕದಲ್ಲಿ ಬಟ್ಟಲು ತಂದಿಟ್ಟು ಎದುರಿಗೆ ಕೂತರು.

"ಇಷ್ಟು ವರ್ಷ ನನ್ನ ಟೀ ಕುಡಿದಿದೀಯ. ನಿಜ ಹೇಳು, ಇದು ಮೊದಲಿನ ಹಾಗೆ ಇದೆಯಾ?"

ಕುಡಿದೆ. ಇದ್ದದ್ದನ್ನು ಇದ್ದಂತೆ ಹೇಳುವವಳು ನಾನು, ಎದ್ದು ಬಂದು ಎದೆಗೆ ಒದ್ದರೂ ಸರಿ ಎಂದು. ಆದರೆ ಆ ಮುಖ ನೋಡಿ ನನ್ನಿಂದಾಗಲಿಲ್ಲ. ಒಬ್ಬಳಿಗಾದರೂ ಇವರ ನಾಲಿಗೆ ಹೋದದ್ದು ತಿಳಿದಿರಲಿ ಎನ್ನಿಸಿತು.

"ಇಲ್ಲ ರೀ. ಬೇರೆ ಆಗಿದೆ."

ಇವರ ಬೆನ್ನು ನೆಟ್ಟಗಾಯಿತು. "ಹೌದಾ? ಹೇಗೆ ಬೇರೆ? ಆತುರ ಬೇಡ, ನಾಲಿಗೆ ಮೇಲೆ ಸ್ವಲ್ಪ ಹೊತ್ತು ಇಟ್ಕೋ. ಸಪ್ಪೆನಾ? ಹೊಗೆಯಾ?"

ಇನ್ನೊಂದು ಗುಟುಕು ಕುಡಿದೆ. ಬಿಸಿಯಾಗಿತ್ತು. ಕಹಿಯಾಗಿತ್ತು. ಟೀ ಥರ ಇತ್ತು. ಇವರು ನನ್ನ ಬಾಯಿಯನ್ನೇ ನೋಡುತ್ತಿದ್ದರು.

"ಹೂಂ, ಸ್ವಲ್ಪ ಹೊಗೆ ಹೊಗೆ" ಎಂದೆ. "ಮೊದಲಿನ ಆ ರುಚಿ ಎಲ್ಲಿ ಬರಬೇಕು ಬಿಡಿ."

ನೆಟ್ಟಗಾಗಿದ್ದ ಇವರ ಬೆನ್ನು ಮತ್ತೆ ಬಾಗಿತು. ಸಿಟ್ಟಾಗಿದ್ದರೆ ಚೆನ್ನಾಗಿತ್ತು.

"ಇದು ಹಳೇ ಪೊಟ್ಟಣ ಕಣೇ" ಎಂದರು ಆಮೇಲೆ. "ಆಸ್ಪತ್ರೆಗೆ ಹೋಗೋಕೆ ಮುಂಚೆ ನಾನೇ ಬೆರೆಸಿದ್ದು. ಕೊನೇದು. ನಾಲಿಗೆ ಸರಿಹೋದ ದಿನ ಕುಡಿಯೋಣ ಅಂತ ಇಟ್ಟಿದ್ದೆ."

ನಾನು ಏನೋ ಹೇಳಲು ಹೋದೆ. ಬೇಡ ಎಂದು ಕೈ ಅಡ್ಡ ಹಿಡಿದು, ಬಟ್ಟಲನ್ನು ನನ್ನ ಕಡೆಗೆ ಸರಿಸಿದರು. ಆರಿಹೋಗುತ್ತದೆ, ಕುಡಿ ಎಂದರು. ನಾನು ಕಣ್ಣು ಮುಚ್ಚಿಕೊಂಡು, ಇವರು ಮಾಡುವ ಹಾಗೆಯೇ ನಾಲಿಗೆಯ ಮೇಲೆ ಇಟ್ಟುಕೊಂಡು ನಿಧಾನವಾಗಿ ಕುಡಿದೆ. ತಳದವರೆಗೂ ಕುಡಿದೆ. ನನಗೆ ಏನೂ ಗೊತ್ತಾಗಲಿಲ್ಲ.